ಆರು ಕಾಲು, ಒಂದು ನಡಿಗೆ

ಸಂಜೆ ಏಳು ಗಂಟೆ. ಕಂಬಂ ಕಣಿವೆಯ ಒಂದು ಊರು. ಕಲಿಕಾ ಕೇಂದ್ರದಲ್ಲಿ ದೀಪ ಉರಿಯುತ್ತಿದೆ. ಹತ್ತು ಹನ್ನೆರಡು ಜನ ಚಾಪೆಯ ಮೇಲೆ ಕುಳಿತಿದ್ದಾರೆ. ಕೆಲವರು ದ್ರಾಕ್ಷಿ ತೋಟದಿಂದ ಬಂದವರು. ಕೆಲವರು ಬೆಳಿಗ್ಗೆ ಜೀಪು ಹತ್ತಿ ಘಟ್ಟದ ಮೇಲಿನ ಏಲಕ್ಕಿ ತೋಟಕ್ಕೆ ಹೋಗಿ, ಸಂಜೆ ಇಳಿದು ಬಂದವರು.

ಈ ಕಣಿವೆಯಲ್ಲಿ, ತೇಣಿ ಮತ್ತು ದಿಂಡಿಗಲ್ ಸೀಮೆಯಲ್ಲಿ, ಕನ್ನಡ ಮನೆಮಾತಿನ ಕುಟುಂಬಗಳು ತಲೆತಲಾಂತರದಿಂದ ಇವೆ. ಒಕ್ಕಲಿಗರು, ಕಪ್ಪಿಲಿಯರು, ಅನುಪ್ಪರು ಇದ್ದಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಮಾತು ಹಳೆಯದು. ಅಕ್ಷರ ಮಾತ್ರ ಹೊಸದು.

ಆ ದಿನ ಒಬ್ಬ ತಾತ ಸ್ಲೇಟಿನ ಮೇಲೆ 'ಇರುವೆ' ಎಂದು ಬರೆಯುತ್ತಿದ್ದರು. ಬರೆದು ಮುಗಿಯುವ ಹೊತ್ತಿಗೆ ಒಂದು ಕಟ್ಟಿರುವೆ ನಿಜವಾಗಿಯೂ ಸ್ಲೇಟಿನ ಮೇಲೆ ಹತ್ತಿತು. ಸರಸರ ಓಡಿತು. ತಾತ ಬಳಪ ಕೆಳಗಿಟ್ಟು ನೋಡುತ್ತಾ ಕುಳಿತರು.

"ಏನಮ್ಮಾ, ಒಂದು ಮಾತು ಕೇಳ್ಲಾ?" ಎಂದರು ಪ್ರೇರಕಿಯನ್ನು. "ನನಗಿರೋದು ಎರಡು ಕಾಲು. ಆದ್ರೂ ಬದುವಿನ ಮೇಲೆ ಎಡವುತೀನಿ. ಇದಕ್ಕೆ ಆರು ಕಾಲು. ಒಂದಕ್ಕೊಂದು ತೊಡಕೋದಿಲ್ವಾ? ಯಾವ ಕಾಲು ಮೊದಲು, ಯಾವ ಕಾಲು ಆಮೇಲೆ ಅಂತ ಇದಕ್ಕೆ ಹೇಳೋರು ಯಾರು?"

ಎಲ್ಲರೂ ನಕ್ಕರು. ಆದರೆ ಪ್ರೇರಕಿ ನಗಲಿಲ್ಲ. "ತಾತ, ಇದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ವಿಜ್ಞಾನಿಗಳು ನೂರು ವರ್ಷದಿಂದ ಕೇಳುತ್ತಿದ್ದಾರೆ. ಇವತ್ತಿನ ಪಾಠ ಇದೇ ಆಗಲಿ" ಎಂದರು.

ಬನ್ನಿ, ನಾವೂ ಆ ಪಾಠ ಓದೋಣ.

ಮೊದಲು ಕಾಲು ಎಣಿಸೋಣ

ಇರುವೆ, ಜಿರಲೆ, ಮಿಡತೆ, ದುಂಬಿ, ಜೇನುನೊಣ, ಚಿಟ್ಟೆ. ಇವೆಲ್ಲ ಕೀಟಗಳು. ಕೀಟಕ್ಕೆ ಆರು ಕಾಲು. ಎಡಗಡೆ ಮೂರು, ಬಲಗಡೆ ಮೂರು.

ಜೇಡಕ್ಕೆ ಎಂಟು ಕಾಲು. ಆದ್ದರಿಂದ ಜೇಡ ಕೀಟವಲ್ಲ. ಜರಿಗೆ ಇನ್ನೂ ಹೆಚ್ಚು ಕಾಲು. ಅದೂ ಕೀಟವಲ್ಲ.

ಕೀಟದ ಮೈಯಲ್ಲಿ ಮೂರು ಭಾಗ: ತಲೆ, ಎದೆ, ಹೊಟ್ಟೆ. ಆರು ಕಾಲುಗಳೂ ಎದೆಯಿಂದಲೇ ಹೊರಡುತ್ತವೆ. ಹೊಟ್ಟೆಗೆ ಕಾಲಿಲ್ಲ. ಎದೆಯಲ್ಲಿ ಮತ್ತೆ ಮೂರು ಪಟ್ಟಿಗಳಿವೆ. ಒಂದೊಂದು ಪಟ್ಟಿಗೆ ಒಂದೊಂದು ಜೊತೆ ಕಾಲು. ಮುಂಗಾಲು, ನಡುಗಾಲು, ಹಿಂಗಾಲು.

ಕಾಲಿನ ಒಳಗೆ ಏನಿದೆ?

ನಮ್ಮ ಕಾಲಿನಲ್ಲಿ ಮೂಳೆ ಒಳಗಿದೆ. ಅದರ ಸುತ್ತ ಮಾಂಸಖಂಡ ಇದೆ. ಮಾಂಸಖಂಡಕ್ಕೆ ಸ್ನಾಯು ಎಂದೂ ಹೇಳುತ್ತೇವೆ.

ಕೀಟದ ಕಾಲಿನಲ್ಲಿ ಇದು ತಿರುವುಮುರುವು. ಗಟ್ಟಿಯಾದ ಚಿಪ್ಪು ಹೊರಗೆ, ಸ್ನಾಯು ಒಳಗೆ. ಬಿದಿರಿನ ಕೊಳವೆಯೊಳಗೆ ಹಗ್ಗ ಇಟ್ಟ ಹಾಗೆ. ಇಂಥ ಕೊಳವೆಗಳನ್ನು ಒಂದರ ಮುಂದೆ ಒಂದು ಜೋಡಿಸಿ ಕೀಲು ಹಾಕಿದರೆ ಕೀಟದ ಕಾಲು. ಎದೆಗೆ ಅಂಟಿದ ಬುಡ, ಒಂದು ಚಿಕ್ಕ ತುಂಡು, ತೊಡೆ, ಕೆಳಗಾಲು, ಪಾದ. ಹೀಗೆ ಐದು ಭಾಗ. ಪಾದದ ತುದಿಯಲ್ಲಿ ಕೊಕ್ಕೆಯಂಥ ಉಗುರು ಇರುತ್ತದೆ. ಎಷ್ಟೋ ಕೀಟಗಳಿಗೆ ಅಂಟುವ ಮೆತ್ತೆಯೂ ಇರುತ್ತದೆ. ಅದಕ್ಕೇ ಇರುವೆ ಗೋಡೆ ಹತ್ತುತ್ತದೆ, ಗಾಜಿನ ಮೇಲೂ ಓಡುತ್ತದೆ.

ಒಂದು ಮಾತು ನೆನಪಿಡಿ. ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಹಗ್ಗದ ಹಾಗೆ. ಬಾವಿಯಿಂದ ಕೊಡ ಎಳೆಯಲು ಹಗ್ಗ ಬೇಕು. ಆದರೆ ಹಗ್ಗ ಹಿಡಿದು ಕೊಡವನ್ನು ಕೆಳಕ್ಕೆ ತಳ್ಳಲು ಆಗುತ್ತದೆಯೇ? ಇಲ್ಲ. ಆದ್ದರಿಂದ ಒಂದು ಕೀಲಿಗೆ ಕಡಿಮೆ ಎಂದರೂ ಎರಡು ಸ್ನಾಯು ಬೇಕು. ಒಂದು ಮಡಚಲು, ಒಂದು ಚಾಚಲು. ಒಂದು ಎಳೆಯುವಾಗ ಇನ್ನೊಂದು ಸಡಿಲ ಬಿಡಬೇಕು. ಎರಡೂ ಒಟ್ಟಿಗೆ ಜಗ್ಗಿದರೆ ಕಾಲು ಸೆಟೆದು ನಿಲ್ಲುತ್ತದೆ.

ನಿಮ್ಮ ತೋಳನ್ನು ಮಡಚಿ ನೋಡಿ. ಮುಂದಿನ ಸ್ನಾಯು ಉಬ್ಬುತ್ತದೆ. ಚಾಚಿ ನೋಡಿ. ಹಿಂದಿನದು ಬಿಗಿಯಾಗುತ್ತದೆ. ಇರುವೆಯ ಕಾಲಿನಲ್ಲೂ ಇದೇ ಲೆಕ್ಕ.

ಒಂದು ಕಾಲಿನಲ್ಲಿ ಹಲವು ಕೀಲು. ಕೀಲಿಗೊಂದು ಜೊತೆ ಸ್ನಾಯು. ಅಂಥ ಕಾಲು ಆರು. ಎಲ್ಲವೂ ಹೊತ್ತಿಗೆ ಸರಿಯಾಗಿ ಎಳೆಯಬೇಕು, ಹೊತ್ತಿಗೆ ಸರಿಯಾಗಿ ಬಿಡಬೇಕು. ತಾತ ಕೇಳಿದ ಪ್ರಶ್ನೆ ಎಷ್ಟು ದೊಡ್ಡದು ನೋಡಿ!

ಮೂರು ಕಲ್ಲಿನ ಒಲೆ

"ಹೊಲದಲ್ಲಿ ಅನ್ನ ಬೇಯಿಸುವಾಗ ಒಲೆಗೆ ಎಷ್ಟು ಕಲ್ಲು ಇಡ್ತೀರಿ?" ಎಂದು ಪ್ರೇರಕಿ ಕೇಳಿದರು.

"ಮೂರು" ಎಂದರು ಎಲ್ಲರೂ.

"ಎರಡು ಯಾಕೆ ಇಡಲ್ಲ?"

"ಮಡಕೆ ಉರುಳಿ ಬೀಳ್ತದಲ್ಲ!"

"ನಾಲ್ಕು?"

ಒಬ್ಬ ಅಕ್ಕ ಹೇಳಿದರು: "ನಾಲ್ಕು ಇಟ್ರೆ ಒಂದು ಕಲ್ಲು ಗಿಡ್ಡ ಆಗ್ತದೆ, ಮಡಕೆ ಅಲ್ಲಾಡ್ತದೆ. ಮೂರಿದ್ರೆ ನೆಲ ಹೇಗಿದ್ರೂ ಗಟ್ಟಿ ಕೂರ್ತದೆ."

ಇರುವೆಯೂ ಇದೇ ಮಾಡುತ್ತದೆ. ಬೇಗ ನಡೆಯುವಾಗ ಮೂರು ಕಾಲು ನೆಲದ ಮೇಲೆ ಊರುತ್ತದೆ. ಉಳಿದ ಮೂರನ್ನು ಎತ್ತಿ ಮುಂದಕ್ಕೆ ಇಡುತ್ತದೆ. ಆಮೇಲೆ ಅದಲುಬದಲು. ಯಾವ ಮೂರು? ಎಡ ಮುಂಗಾಲು, ಎಡ ಹಿಂಗಾಲು, ಬಲ ನಡುಗಾಲು. ಇದು ಒಂದು ಗುಂಪು. ಬಲ ಮುಂಗಾಲು, ಬಲ ಹಿಂಗಾಲು, ಎಡ ನಡುಗಾಲು. ಇದು ಇನ್ನೊಂದು ಗುಂಪು.

ಒಂದು ಬದಿಯಲ್ಲಿ ಎರಡು, ಇನ್ನೊಂದು ಬದಿಯಲ್ಲಿ ಒಂದು. ಮೂರು ಕಲ್ಲಿನ ಒಲೆಯ ಆಕಾರ. ಮೈಭಾರ ಅದರ ನಡುವೆ ಇರುತ್ತದೆ. ಆದ್ದರಿಂದ ಹೆಜ್ಜೆಯ ನಡುವೆ ತಟ್ಟನೆ ನಿಂತರೂ ಇರುವೆ ಬೀಳುವುದಿಲ್ಲ. ಜಿರಲೆ ಓಡುವುದೂ ಹೀಗೆಯೇ.

ಮಾಡಿ ನೋಡಿ

ಮೂರು ಜನ ಒಬ್ಬರ ಹಿಂದೆ ಒಬ್ಬರು ನಿಲ್ಲಿ. ಹಿಂದಿನವರು ಮುಂದಿನವರ ಹೆಗಲು ಹಿಡಿಯಿರಿ. ಈಗ ಮೂರು ಜನರ ಕಾಲು ಸೇರಿ ಆರು ಕಾಲಾಯಿತು. ನೀವೇ ಒಂದು ಇರುವೆ!

ಮೊದಲ ಹೆಜ್ಜೆ: ಮುಂದಿನವರು ಎಡಗಾಲು, ನಡುವಿನವರು ಬಲಗಾಲು, ಹಿಂದಿನವರು ಎಡಗಾಲು ಎತ್ತಿ ಮುಂದಿಡಿ.

ಎರಡನೆಯ ಹೆಜ್ಜೆ: ಉಳಿದ ಮೂರು ಕಾಲನ್ನು ಮುಂದಿಡಿ.

ಕೇಂದ್ರದಲ್ಲಿ ಇದನ್ನು ಮಾಡಿದಾಗ ಮೊದಲು ಎಲ್ಲರೂ ಮುಗ್ಗರಿಸಿದರು. ನಗು ತಡೆಯಲಾಗಲಿಲ್ಲ. ತಾತ "ಒಂದು, ಎರಡು" ಎಂದು ಎಣಿಸತೊಡಗಿದರು. ಆಗ ನಡಿಗೆ ಸರಿಹೋಯಿತು.

"ನೋಡಿದಿರಾ? ನಮಗೆ ಎಣಿಸುವವರು ಬೇಕಾಯಿತು. ಇರುವೆಗೆ ಎಣಿಸುವವರು ಯಾರು?" ಎಂದು ಪ್ರೇರಕಿ ಕೇಳಿದರು.

"ಅದರ ತಲೆಯೊಳಗಿನ ಮಿದುಳು" ಎಂದರು ಒಬ್ಬರು.

ಹಾಗೆಂದೇ ನಮಗೆ ಅನ್ನಿಸುತ್ತದೆ. ಆದರೆ ಉತ್ತರ ಪೂರ್ತಿ ಹಾಗಿಲ್ಲ. ಸರಿಯಾದ ಉತ್ತರ ಸಿಕ್ಕಿದ್ದು ಹೆಚ್ಚಾಗಿ ಒಂದು ಹುಳದಿಂದ. ಆ ಹುಳ ನಮ್ಮ ಪಕ್ಕದ ಬೆಟ್ಟದ್ದು.

ಪಳನಿ ಬೆಟ್ಟದ ಕಡ್ಡಿಹುಳ

ಪೆರಿಯಕುಳಂನಲ್ಲಿ ನಿಂತು ಉತ್ತರಕ್ಕೆ ನೋಡಿ. ಎತ್ತರದ ಬೆಟ್ಟ ಕಾಣುತ್ತದೆ. ಅದು ಪಳನಿ ಬೆಟ್ಟಸಾಲು. ಅದರ ಮೇಲೆ ದಿಂಡಿಗಲ್ ಜಿಲ್ಲೆಯ ಕೊಡೈಕಾನಲ್ ಇದೆ. ಕೊಡೈಕಾನಲ್ ಹತ್ತಿರ ಶೆಂಬಗನೂರು ಎಂಬ ಊರಿದೆ.

ಆ ಬೆಟ್ಟದ ಪೊದೆಗಳಲ್ಲಿ ಒಂದು ಹುಳ ಇದೆ. ನೋಡಲು ಒಣಕಡ್ಡಿಯ ಹಾಗೆ. ಕೆಲವು ಹಸಿರು, ಕೆಲವು ಕಂದು. ಬೆರಳಿನಷ್ಟು ಉದ್ದ. ಆರು ಕಾಲು ಸಹ ಕಡ್ಡಿಯ ಹಾಗೆಯೇ ಸಣ್ಣ. ಮುಂಗಾಲಿನ ಬುಡದ ಒಳಬದಿಯಲ್ಲಿ ಕೆಂಪು ಬಣ್ಣ. ಹಗಲು ಅಲ್ಲಾಡದೆ ಇರುತ್ತದೆ. ರಾತ್ರಿ ಎಲೆ ತಿನ್ನುತ್ತದೆ. ಮುಟ್ಟಿದರೆ ಸತ್ತ ಹಾಗೆ ಬಿದ್ದುಕೊಳ್ಳುತ್ತದೆ. ನಾವು ಕಡ್ಡಿಹುಳ ಎನ್ನುತ್ತೇವೆ.

ಶೆಂಬಗನೂರು ಮತ್ತು ತಿರುಚಿರಾಪಳ್ಳಿ ಕಡೆಯಿಂದ ಹೋದ ಹುಳಗಳನ್ನು ನೋಡಿ, 1901ರಲ್ಲಿ ಸಿನೇತಿ ಎಂಬ ಫ್ರೆಂಚ್ ವಿದ್ವಾಂಸರು ಇದಕ್ಕೆ ವಿಜ್ಞಾನದ ಹೆಸರು ಕೊಟ್ಟರು. ಈಗ ಇದರ ಹೆಸರು ಕರಾಸಿಯಸ್ ಮೊರೋಸಸ್. ಲೋಕದಲ್ಲಿ ಇದನ್ನು 'ಭಾರತದ ಕಡ್ಡಿಹುಳ' ಎಂದೂ ಕರೆಯುತ್ತಾರೆ.

ಈ ಹುಳವನ್ನು ಸಾಕುವುದು ಸುಲಭ. ಹೆಣ್ಣು ಹುಳ ಗಂಡಿಲ್ಲದೆಯೇ ಮೊಟ್ಟೆ ಇಡಬಲ್ಲದು. ಆ ಮೊಟ್ಟೆಯಿಂದ ಮರಿ ಬರುತ್ತದೆ. ಮೊಟ್ಟೆ ನೋಡಲು ಸಣ್ಣ ಬೀಜದ ಹಾಗೆ. ಹೀಗೆ ನಮ್ಮ ಬೆಟ್ಟದ ಹುಳ ಯೂರೋಪಿನ ಶಾಲೆಗಳಿಗೂ ಪ್ರಯೋಗಶಾಲೆಗಳಿಗೂ ಹೋಯಿತು. ಅಲ್ಲಿ ಇಂದೂ ಇದನ್ನು ಸಾಕುತ್ತಾರೆ.

ಇದು ನಿಧಾನವಾಗಿ ನಡೆಯುತ್ತದೆ. ಕಾಲು ಉದ್ದ. ಒಂದೊಂದು ಹೆಜ್ಜೆಯೂ ಕಣ್ಣಿಗೆ ಕಾಣುತ್ತದೆ. ಆದ್ದರಿಂದ ಕೀಟದ ನಡಿಗೆ ಕಲಿಯುವವರಿಗೆ ಇದು ಒಳ್ಳೆಯ ಗುರುವಾಯಿತು. ಜರ್ಮನಿಯ ಹೋಲ್ಕ್ ಕ್ರೂಸೆ ಎಂಬ ವಿಜ್ಞಾನಿ ಹತ್ತಾರು ವರ್ಷ ಈ ಹುಳದ ಹೆಜ್ಜೆಯನ್ನೇ ನೋಡಿದರು. ಕಾಲು ಕಾಲಿಗೆ ಏನು ಹೇಳುತ್ತದೆ ಎಂದು ಕಂಡುಹಿಡಿದರು.

ಅಕ್ಕಪಕ್ಕದ ಮಾತು

ಕೀಟದ ಎದೆಯಲ್ಲಿ ಮೂರು ಪಟ್ಟಿ ಇದೆ ಎಂದು ಓದಿದೆವು. ಒಂದೊಂದು ಪಟ್ಟಿಗೂ ಒಂದೊಂದು ನರಗಂಟು ಇದೆ. ನರಗಂಟು ಎಂದರೆ ನರಗಳು ಸೇರುವ ಗಂಟು. ಚಿಕ್ಕ ಮಿದುಳು ಎನ್ನಬಹುದು. ಮುಂಗಾಲಿಗೆ ಒಂದು, ನಡುಗಾಲಿಗೆ ಒಂದು, ಹಿಂಗಾಲಿಗೆ ಒಂದು. ಈ ಗಂಟುಗಳೇ ಕಾಲನ್ನು ಎತ್ತಿಸುತ್ತವೆ, ಇಳಿಸುತ್ತವೆ.

ತಲೆಯ ಮಿದುಳು ಹೇಳುವುದು ದೊಡ್ಡ ಮಾತು ಮಾತ್ರ. ಹೊರಡು. ನಿಲ್ಲು. ಬಲಕ್ಕೆ ತಿರುಗು. ಬೇಗ ಹೋಗು. ಯಾವ ಕಾಲು ಯಾವಾಗ ಎತ್ತಬೇಕು ಎಂಬುದನ್ನು ಕಾಲುಗಳ ಗಂಟುಗಳೇ ಅಕ್ಕಪಕ್ಕ ಮಾತಾಡಿಕೊಂಡು ನಡೆಸುತ್ತವೆ.

ಆ ಮಾತು ಏನು? ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ:

1. ಹಿಂದಿನ ಕಾಲು ಗಾಳಿಯಲ್ಲಿದೆ. ಆಗ ಅದೇ ಬದಿಯ ಮುಂದಿನ ಕಾಲಿಗೆ ಸುದ್ದಿ ಬರುತ್ತದೆ: "ನಾನು ಎತ್ತಿದ್ದೇನೆ. ನೀನು ನೆಲ ಬಿಡಬೇಡ."

2. ಹಿಂದಿನ ಕಾಲು ನೆಲಕ್ಕೆ ಬಂತು. ಆಗ ಸುದ್ದಿ ಬರುತ್ತದೆ: "ನಾನು ಊರಿದೆ. ಇನ್ನು ನಿನ್ನ ಸರದಿ."

3. ಕಾಲಿನ ಚಿಪ್ಪಿನಲ್ಲಿ ಭಾರ ತಿಳಿಯುವ ಸಣ್ಣ ಗುಳ್ಳೆಗಳಿವೆ. ಮೈಭಾರ ಕಾಲಿನ ಮೇಲೆ ಇರುವ ತನಕ ಅವು ಹೇಳುತ್ತವೆ: "ಈಗ ಎತ್ತಬೇಡ. ಭಾರ ಇಳಿಯಲಿ."

4. ಹಿಂದಿನ ಕಾಲು ಎಲ್ಲಿ ಊರಬೇಕು? ಮುಂದಿನ ಕಾಲು ಊರಿರುವ ಜಾಗದ ಹತ್ತಿರವೇ. ಅಲ್ಲಿ ಗಟ್ಟಿ ನೆಲ ಇದೆ ಎಂದು ಆಗಲೇ ಗೊತ್ತಾಗಿದೆಯಲ್ಲ!

ನಾಲ್ಕನೆಯ ಮಾತು ಕೇಳಿ ತಾತ ತಲೆದೂಗಿದರು. "ಹೌದು. ರಾತ್ರಿ ಹೊತ್ತು ಬದುವಿನ ಮೇಲೆ ಹೋಗುವಾಗ ನಾವೂ ಹಾಗೇ. ಮುಂದಿನವನು ಕಾಲಿಟ್ಟ ಕಡೆಯೇ ಹಿಂದಿನವನು ಕಾಲಿಡೋದು."

ಇಷ್ಟೇ ಮಾತು. ಈ ಚಿಕ್ಕ ಮಾತುಗಳಿಂದಲೇ ಪೂರ್ತಿ ನಡಿಗೆ ಹುಟ್ಟುತ್ತದೆ. ನಿಧಾನವಾಗಿ ನಡೆಯುವಾಗ ಹೆಜ್ಜೆ ಹಿಂದಿನಿಂದ ಮುಂದಕ್ಕೆ ಅಲೆಯ ಹಾಗೆ ಸಾಗುತ್ತದೆ. ಹಿಂಗಾಲು, ನಡುಗಾಲು, ಮುಂಗಾಲು. ಆಗ ನಾಲ್ಕು ಅಥವಾ ಐದು ಕಾಲು ನೆಲದಲ್ಲಿರುತ್ತವೆ. ಬೇಗ ನಡೆಯುವಾಗ ಕಾಲು ನೆಲದ ಮೇಲೆ ಇರುವ ಹೊತ್ತು ಕಡಿಮೆಯಾಗುತ್ತದೆ. ಅಲೆಗಳು ಹತ್ತಿರ ಹತ್ತಿರ ಬರುತ್ತವೆ. ಹಿಂಗಾಲೂ ಮುಂಗಾಲೂ ಒಟ್ಟಿಗೆ ಏಳುತ್ತವೆ. ಅದೇ ಮೂರು ಕಲ್ಲಿನ ಒಲೆಯ ನಡಿಗೆ!

ಗದ್ದೆಯಲ್ಲಿ ನಾಟಿ ಹಾಕುವುದನ್ನು ನೆನೆಯಿರಿ. ಹೆಂಗಸರು ಸಾಲಾಗಿ ನಿಲ್ಲುತ್ತಾರೆ. ಯಾರೂ "ಒಂದು, ಎರಡು" ಎಂದು ಕೂಗುವುದಿಲ್ಲ. ಒಬ್ಬೊಬ್ಬರೂ ಪಕ್ಕದವರ ಕೈ ನೋಡುತ್ತಾರೆ. ಪಕ್ಕದವರು ಹಿಂದೆ ಸರಿದರೆ ತಾವೂ ಸರಿಯುತ್ತಾರೆ. ಸಾಲು ಮುರಿಯುವುದಿಲ್ಲ. ಕೀಟದ ಕಾಲುಗಳೂ ಅಂಥ ಆಳುಗಳೇ.

ಈ ಮಾತುಗಳನ್ನು ಕಲಿತು ಜನ ಆರು ಕಾಲಿನ ಯಂತ್ರಗಳನ್ನೂ ಮಾಡಿದ್ದಾರೆ. ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದಲ್ಲಿ 'ಹೆಕ್ಟರ್' ಎಂಬ ನಡೆಯುವ ಯಂತ್ರ ಇದೆ. ಅದನ್ನು ಕಡ್ಡಿಹುಳವನ್ನು ನೋಡಿಯೇ ಕಟ್ಟಿದರು.

ಒಂದು ಕಾಲು ಹೋದರೆ?

"ಕಾಲು ಮುರಿದ ಇರುವೆ, ಮಿಡತೆ ನೋಡಿದ್ದೀನಿ. ಆದ್ರೂ ನಡೀತಾವೆ. ಹೇಗೆ?" ಎಂದು ಒಬ್ಬ ಚಿಕ್ಕಮ್ಮ ಕೇಳಿದರು.

1921ರಲ್ಲಿ ಜರ್ಮನಿಯ ಬುಡ್ಡೆನ್‌ಬ್ರಾಕ್ ಎಂಬ ವಿಜ್ಞಾನಿ ಇದನ್ನೇ ಪರೀಕ್ಷಿಸಿದರು. ಕಡ್ಡಿಹುಳದ ಎರಡು ನಡುಗಾಲನ್ನೂ ತೆಗೆದರು. ಉಳಿದದ್ದು ನಾಲ್ಕು ಕಾಲು.

ಯೋಚಿಸಿ ನೋಡಿ. ಹಳೆಯ ಪದ್ಧತಿಯಲ್ಲೇ ನಡೆದರೆ ಏನಾಗುತ್ತದೆ? ಎಡ ಮುಂಗಾಲು, ಎಡ ಹಿಂಗಾಲು ಒಟ್ಟಿಗೆ ಏಳುತ್ತವೆ. ಬಲ ನಡುಗಾಲು ಇಲ್ಲ. ಹುಳ ಎಡಕ್ಕೆ ಉರುಳಿ ಬೀಳಬೇಕು.

ಆದರೆ ಹುಳ ಬೀಳಲಿಲ್ಲ. ಅದರ ಹೆಜ್ಜೆ ಬದಲಾಯಿತು. ಎಡ ಮುಂಗಾಲಿನ ಜೊತೆ ಬಲ ಹಿಂಗಾಲು ಎದ್ದಿತು. ಬಲ ಮುಂಗಾಲಿನ ಜೊತೆ ಎಡ ಹಿಂಗಾಲು ಎದ್ದಿತು. ಮೂಲೆಯಿಂದ ಮೂಲೆಗೆ, ಓಡುವ ಕುದುರೆಯ ಹಾಗೆ ನಡೆಯಿತು.

ಅದಕ್ಕೆ ಯಾರೂ ಕಲಿಸಲಿಲ್ಲ. ನಡಿಗೆ ಕಂಠಪಾಠ ಮಾಡಿದ ಮಗ್ಗಿಯಂಥದ್ದಾಗಿದ್ದರೆ ಹೀಗೆ ಬದಲಾಗುತ್ತಿರಲಿಲ್ಲ. ಕಾಲುಗಳು ಪಕ್ಕದ ಸುದ್ದಿ ಕೇಳಿ ನಡೆಯುತ್ತವೆ. ನಡುವಿನವರು ಇಲ್ಲದಿದ್ದರೆ ಇರುವವರೊಡನೆಯೇ ಮಾತು ಹೊಂದಿಸಿಕೊಳ್ಳುತ್ತವೆ.

"ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದ್ರೆ ಉಳಿದವರು ಕೆಲಸ ಹಂಚಿಕೊಳ್ಳೋದಿಲ್ವಾ, ಹಾಗೆ" ಎಂದರು ಚಿಕ್ಕಮ್ಮ.

ಮಾತು ಕೆಟ್ಟರೆ?

ಆಗ ಏಲಕ್ಕಿ ತೋಟದ ಅಕ್ಕ ಒಂದು ವಿಷಯ ಹೇಳಿದರು. "ಕಾಲು ಹೋದ ಹುಳ ನಡೀತದೆ. ಆದ್ರೆ ಔಷಧಿ ಹೊಡೆದಾಗ ಆರು ಕಾಲಿದ್ರೂ ನಡೆಯಲ್ಲ. ಮಗುಚಿ ಬಿದ್ದು ಕಾಲು ಪಟಪಟ ಬಡೀತದೆ. ಒಂದು ಕಾಲಿಗೆ ಇನ್ನೊಂದು ಸಿಕ್ಕಿಕೊಳ್ತದೆ. ಯಾಕೆ?"

ಒಳ್ಳೆಯ ಪ್ರಶ್ನೆ. ಉತ್ತರ ನಿಮ್ಮ ಕೈಯಲ್ಲಿರುವ ಸ್ಲೇಟಿನಲ್ಲೇ ಇದೆ.

ಸ್ಲೇಟಿನ ಮೇಲೆ 'ಅ' ಬರೆಯಿರಿ. ಬಟ್ಟೆಯಿಂದ ಒರೆಸಿ. ಆಮೇಲೆ 'ಆ' ಬರೆಯಿರಿ. ಒರೆಸದೆ ಬರೆದರೆ ಏನಾಗುತ್ತದೆ? ಅಕ್ಷರದ ಮೇಲೆ ಅಕ್ಷರ. ಏನೂ ಓದಲಾಗದು.

ಒಂದು ನರ ಇನ್ನೊಂದು ನರಕ್ಕೆ ಸುದ್ದಿ ಕಳಿಸುವುದೂ ಹೀಗೆಯೇ. ಅಸಿಟೈಲ್‌ಕೋಲಿನ್ ಎಂಬ ವಸ್ತು ಸುದ್ದಿ ಒಯ್ಯುತ್ತದೆ. ಅದು ಬಳಪ ಎಂದುಕೊಳ್ಳಿ. ಸುದ್ದಿ ಮುಟ್ಟಿದ ಕೂಡಲೇ ಇನ್ನೊಂದು ವಸ್ತು ಬಂದು ಅದನ್ನು ಅಳಿಸುತ್ತದೆ. ಅದು ಒರೆಸುವ ಬಟ್ಟೆ. ಅಳಿಸಿದರೆ ಮಾತ್ರ ಹೊಸ ಸುದ್ದಿಗೆ ಜಾಗ.

ಕೀಟನಾಶಕಗಳಲ್ಲಿ ಒಂದು ದೊಡ್ಡ ಗುಂಪಿದೆ. ಅದರ ಹೆಸರು ಆರ್ಗನೋಫಾಸ್ಫೇಟ್. ಕ್ಲೋರ್‌ಪೈರಿಫಾಸ್ ಈ ಗುಂಪಿನದು. ಈ ವಿಷ ಒರೆಸುವ ಬಟ್ಟೆಯನ್ನೇ ಕಿತ್ತುಕೊಳ್ಳುತ್ತದೆ. "ಎತ್ತು" ಎಂಬ ಸುದ್ದಿ ಅಳಿಯುವುದಿಲ್ಲ. ಅದರ ಮೇಲೆ "ಇಳಿಸು" ಬರುತ್ತದೆ. ಅದರ ಮೇಲೆ ಮತ್ತೆ "ಎತ್ತು". ಮಡಚುವ ಸ್ನಾಯುವೂ ಜಗ್ಗುತ್ತದೆ, ಚಾಚುವ ಸ್ನಾಯುವೂ ಜಗ್ಗುತ್ತದೆ. ಕಾಲು ನಡುಗುತ್ತದೆ, ಸೆಟೆಯುತ್ತದೆ. ಅಕ್ಕಪಕ್ಕದ ಮಾತು ಗದ್ದಲವಾಗುತ್ತದೆ. ಹುಳ ಬೀಳುತ್ತದೆ.

ಈಗ ಮುಖ್ಯವಾದ ಮಾತು ಕೇಳಿ. ಈ ಬಳಪ, ಈ ಬಟ್ಟೆ ಹುಳಕ್ಕೆ ಮಾತ್ರ ಇರುವುದಲ್ಲ. ನಮ್ಮ ಮೈಯಲ್ಲೂ ಇವೇ ಇವೆ. ನಮ್ಮ ನರ ನಮ್ಮ ಸ್ನಾಯುವಿಗೆ ಸುದ್ದಿ ಕೊಡುವುದು ಅದೇ ಅಸಿಟೈಲ್‌ಕೋಲಿನ್‌ನಿಂದ. ಹುಳದ ಬಟ್ಟೆ ಕಿತ್ತುಕೊಳ್ಳುವ ವಿಷ ನಮ್ಮ ಬಟ್ಟೆಯನ್ನೂ ಕಿತ್ತುಕೊಳ್ಳುತ್ತದೆ.

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು. "ಹೋದ ವರ್ಷ ದ್ರಾಕ್ಷಿಗೆ ಔಷಧಿ ಹೊಡೆದು ಬಂದ ಸಂಜೆ ನನ್ನ ಕಣ್ಣೆವೆ ತಾನಾಗಿ ಅದುರುತಿತ್ತು. ಬಾಯಲ್ಲಿ ನೀರು ಸುರೀತಿತ್ತು. ಬಿಸಿಲಿಗೆ ಹಾಗಾಗಿದೆ ಅಂದ್ಕೊಂಡು ಮಲಗಿಬಿಟ್ಟೆ."

ಯಾರೂ ನಗಲಿಲ್ಲ. ಅಲ್ಲಿದ್ದ ಇನ್ನಿಬ್ಬರು "ನನಗೂ ಹಾಗೆ ಆಗಿತ್ತು" ಎಂದರು.

ಈ ಗುರುತು ಕಂಡರೆ ಎಚ್ಚರ

ಔಷಧಿ ಹೊಡೆದ ಮೇಲೆ, ಅಥವಾ ಹೊಡೆದ ತೋಟದಲ್ಲಿ ಕೆಲಸ ಮಾಡಿದ ಮೇಲೆ ಹೀಗಾದರೆ ಅದನ್ನು ಬಿಸಿಲು ಎಂದು ಬಿಡಬೇಡಿ:

- ಬೆವರು, ಜೊಲ್ಲು, ಕಣ್ಣೀರು ತಾನಾಗಿ ಸುರಿಯುವುದು
- ಕಣ್ಣು ಮಂಜಾಗುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುವುದು
- ವಾಂತಿ, ಹೊಟ್ಟೆನೋವು, ಭೇದಿ
- ಕಣ್ಣೆವೆ, ತೋಳು, ತೊಡೆಯ ಮಾಂಸ ಅದುರುವುದು
- ಕೈಕಾಲು ಸೋಲುವುದು, ಉಸಿರು ಕಟ್ಟುವುದು

ಆಗ ಏನು ಮಾಡಬೇಕು?

1. ಅವರನ್ನು ತೋಟದಿಂದ ಹೊರಗೆ, ಒಳ್ಳೆಯ ಗಾಳಿಗೆ ಕರೆತನ್ನಿ.
2. ಔಷಧಿ ಬಿದ್ದ ಬಟ್ಟೆ ತೆಗೆಯಿರಿ. ಮೈ, ಕೂದಲು, ಉಗುರನ್ನು ಸೋಪು ಹಾಕಿ ಬಹಳ ನೀರಿನಿಂದ ತೊಳೆಯಿರಿ. ತೊಳೆಯುವವರು ಕೈಗವಸು ಹಾಕಿಕೊಳ್ಳಿ.
3. ಬಲವಂತವಾಗಿ ವಾಂತಿ ಮಾಡಿಸಬೇಡಿ. ಹುಣಸೆನೀರು, ಉಪ್ಪುನೀರು ಕುಡಿಸಬೇಡಿ.
4. ಎಚ್ಚರ ತಪ್ಪಿದ್ದರೆ ಎಡಮಗ್ಗುಲಿಗೆ ಮಲಗಿಸಿ.
5. 108ಕ್ಕೆ ಫೋನ್ ಮಾಡಿ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.
6. ಔಷಧಿಯ ಡಬ್ಬಿ ಅಥವಾ ಅದರ ಚೀಟಿಯನ್ನು ಜೊತೆಗೆ ಒಯ್ಯಿರಿ. ಹೆಸರು ತಿಳಿದರೆ ವೈದ್ಯರಿಗೆ ಚಿಕಿತ್ಸೆ ಸುಲಭ. ಇಂಥ ವಿಷಕ್ಕೆ ಅಟ್ರೋಪಿನ್ ಮೊದಲಾದ ಮದ್ದು ಆಸ್ಪತ್ರೆಯಲ್ಲಿ ಕೊಡುತ್ತಾರೆ.

ಬಣ್ಣ ಓದಿ

ಕೀಟನಾಶಕದ ಡಬ್ಬಿಯ ಮೇಲೆ ಒಂದು ಚೌಕದ ಗುರುತು ಇರುತ್ತದೆ. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದ ಹಾಗೆ ಕಾಣುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಹಾಕಿರುತ್ತಾರೆ. ಭಾರತದಲ್ಲಿ ಎಲ್ಲ ಕಡೆಯೂ ಇದೇ ನಿಯಮ.

- ಕೆಂಪು: ಅತಿ ಘೋರ ವಿಷ. ಮೇಲೆ ತಲೆಬುರುಡೆಯ ಚಿತ್ರ ಇರುತ್ತದೆ.
- ಹಳದಿ: ಹೆಚ್ಚು ವಿಷ.
- ನೀಲಿ: ಮಧ್ಯಮ ವಿಷ.
- ಹಸಿರು: ಕಡಿಮೆ ವಿಷ. ಆದರೂ ಎಚ್ಚರ ಬೇಕು. ಹಸಿರು ಎಂದರೆ ಕುಡಿಯುವ ನೀರಲ್ಲ!

ಡಬ್ಬಿಯ ಜೊತೆ ಮಡಚಿದ ಕಾಗದ ಬರುತ್ತದೆ. ಅದನ್ನು ಎಸೆಯಬೇಡಿ. ಅದರಲ್ಲಿ ಹಲವು ಭಾಷೆ ಇರುತ್ತದೆ. ಕನ್ನಡ ಇದೆಯೇ ಹುಡುಕಿ. ಇದ್ದರೆ ಅಕ್ಷರ ಕೂಡಿಸಿ ಓದಿ. ಇಲ್ಲದಿದ್ದರೆ ತಮಿಳು ಓದಬಲ್ಲ ಮಗ, ಮಗಳು, ಮೊಮ್ಮಕ್ಕಳಿಂದ ಓದಿಸಿ ಕೇಳಿ.

ಹೊಡೆಯುವಾಗ ಮೈತುಂಬ ಬಟ್ಟೆ, ಕೈಗವಸು, ಮುಖಕ್ಕೆ ಮುಸುಕು ಇರಲಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಕೈ ತೊಳೆಯದೆ ಎಲೆಅಡಿಕೆ, ಬೀಡಿ ಮುಟ್ಟಬೇಡಿ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಬೇಡಿ. ಹೊಡೆದ ತೋಟಕ್ಕೆ ಮಕ್ಕಳನ್ನು ಬಿಡಬೇಡಿ.

ಆ ದಿನದ ಕೊನೆ

ಪಾಠ ಮುಗಿಯಿತು. ತಾತ ಸ್ಲೇಟು ಒರೆಸಿದರು. ಒರೆಸುವ ಬಟ್ಟೆಯನ್ನು ಒಮ್ಮೆ ನೋಡಿದರು. ಆಮೇಲೆ ದೊಡ್ಡ ಅಕ್ಷರದಲ್ಲಿ ನಾಲ್ಕು ಪದ ಬರೆದರು: ಕೆಂಪು, ಹಳದಿ, ನೀಲಿ, ಹಸಿರು.

'ಹಳದಿ'ಯಲ್ಲಿ 'ಳ' ತಪ್ಪಿತು. ಪಕ್ಕದಲ್ಲಿದ್ದ ಅಕ್ಕ ತೋರಿಸಿದರು. ತಾತ ಅಳಿಸಿ ಸರಿಯಾಗಿ ಬರೆದರು.

"ನಾಳೆ ಮನೆಯಲ್ಲಿರೋ ಡಬ್ಬೀನ ನೋಡ್ತೀನಿ. ಯಾವ ಬಣ್ಣ ಅಂತ ಬಂದು ಹೇಳ್ತೀನಿ" ಎಂದರು.

ಕಟ್ಟಿರುವೆ ಅಷ್ಟರಲ್ಲಿ ಗೋಡೆ ಹತ್ತಿತ್ತು. ಮೂರು ಕಾಲು ಊರಿ, ಮೂರು ಕಾಲು ಎತ್ತಿ ಸರಸರ ಹೋಗುತ್ತಿತ್ತು.

ಹೊಸ ಪದಗಳು

ಕೀಟ – ಆರು ಕಾಲಿನ ಹುಳ
ಸ್ನಾಯು – ಮೈಯನ್ನು ಆಡಿಸುವ ಮಾಂಸಖಂಡ
ಕೀಲು – ಎರಡು ಭಾಗ ಕೂಡಿ ಮಡಚುವ ಜಾಗ
ನರ – ಮೈಯೊಳಗೆ ಸುದ್ದಿ ಒಯ್ಯುವ ಎಳೆ
ನರಗಂಟು – ನರಗಳು ಸೇರುವ ಗಂಟು
ಕೀಟನಾಶಕ – ಹುಳ ಕೊಲ್ಲುವ ವಿಷ

ಉತ್ತರ ಬರೆಯಿರಿ

1. ಕೀಟಕ್ಕೆ ಎಷ್ಟು ಕಾಲು? ಅವು ಮೈಯ ಯಾವ ಭಾಗದಿಂದ ಹೊರಡುತ್ತವೆ?
2. ಇರುವೆ ಬೇಗ ನಡೆಯುವಾಗ ಎಡ ಮುಂಗಾಲಿನ ಜೊತೆ ಯಾವ ಎರಡು ಕಾಲು ಏಳುತ್ತವೆ?
3. ಒಂದು ಕೀಲಿಗೆ ಎರಡು ಸ್ನಾಯು ಏಕೆ ಬೇಕು?
4. ಕಡ್ಡಿಹುಳ ಯಾವ ಬೆಟ್ಟದ್ದು? ಅದಕ್ಕೆ ಯಾವ ವರ್ಷ ವಿಜ್ಞಾನದ ಹೆಸರು ಬಂತು?
5. ಆಸ್ಪತ್ರೆಗೆ ಹೋಗುವಾಗ ಔಷಧಿಯ ಡಬ್ಬಿಯನ್ನು ಏಕೆ ಒಯ್ಯಬೇಕು?

ಬಿಟ್ಟ ಸ್ಥಳ ತುಂಬಿರಿ

1. ಹಿಂದಿನ ಕಾಲು ಗಾಳಿಯಲ್ಲಿರುವಾಗ ಮುಂದಿನ ಕಾಲು ________ ಬಿಡುವುದಿಲ್ಲ.
2. ಅತಿ ಘೋರ ವಿಷದ ಬಣ್ಣ ________.
3. ಆಂಬುಲೆನ್ಸ್ ಕರೆಯುವ ಸಂಖ್ಯೆ ________.

ಮನೆಗೆ ಕೆಲಸ

ನಿಮ್ಮ ಮನೆಯಲ್ಲಿ ಅಥವಾ ತೋಟದ ಮನೆಯಲ್ಲಿ ಕೀಟನಾಶಕದ ಡಬ್ಬಿ ಇದೆಯೇ? ಅದನ್ನು ಮುಟ್ಟದೆ, ದೂರದಿಂದ ಅದರ ಬಣ್ಣ ನೋಡಿ. ಬಣ್ಣದ ಹೆಸರನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಮನೆಯವರಿಗೆ ಅದರ ಅರ್ಥ ಹೇಳಿ.